ಮರ ನಿಂತೇ ಇದೆ, ಆದರೂ ಅಳಿವಿನ ಅಪಾಯ ಯಾಕೆ?

ಈ ಸಲ ಬಂದ ಪತ್ರಗಳಲ್ಲಿ ಬಹಳಷ್ಟು ಒಂದೇ ವಿಷಯದ ಮೇಲಿವೆ. ಬೇರೆ ಮರದ ಮೇಲೆ ಮೊಳೆತು, ಅಲ್ಲಿಂದ ಬೇರು ಇಳಿಬಿಟ್ಟು, ಆ ಮರವನ್ನೇ ಸುತ್ತಿ ಬಿಗಿಯುವ ಅತ್ತಿಗಳಿವೆಯಲ್ಲ, ಸ್ಟ್ರಾಂಗ್ಲರ್ ಫಿಗ್ ಅಂತ ಕರೆಯುತ್ತಾರೆ, ಅವುಗಳ ಬಗ್ಗೆ. ಉಷ್ಣವಲಯದ ಕಾಡುಗಳಲ್ಲಿ ಇವುಗಳ ಕೆಲವು ಜಾತಿಗಳು ಅಳಿವಿನ ಅಪಾಯದಲ್ಲಿವೆ ಅಂದರೆ ನಂಬಲು ಕಷ್ಟ ಅಂತ ಹಲವರು ಬರೆದಿದ್ದಾರೆ. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ ಉತ್ತರ ಕೊಟ್ಟಿದ್ದೇವೆ. ಕೆಲವು ಉತ್ತರ ಉದ್ದವಾಗಿವೆ, ಯಾಕೆಂದರೆ ವಿಷಯವೇ ಹಾಗಿದೆ.

ಪ್ರಶ್ನೆ: ಗೋಡೆ ಬಿರುಕಲ್ಲೂ ಹುಟ್ಟುವ ಗಿಡ ಅಲ್ವಾ ಇದು? ಕಿತ್ತಷ್ಟೂ ಮತ್ತೆ ಬರುತ್ತೆ. ಇಂಥದ್ದು ಅಳಿದು ಹೋಗುತ್ತೆ ಅಂದ್ರೆ ಹೇಗೆ ನಂಬೋದು?

ಉತ್ತರ: ನೀವು ಗೋಡೆಯಲ್ಲಿ ನೋಡುವುದು ಬೆರಳೆಣಿಕೆಯ ಜಾತಿಗಳನ್ನು ಮಾತ್ರ. ಅತ್ತಿಯ ಕುಲ, ಅಂದರೆ ಫೈಕಸ್ ಕುಲದಲ್ಲಿ ಪ್ರಪಂಚದಲ್ಲಿ ಸುಮಾರು 800 ಜಾತಿಗಳಿವೆ. ಆಲ, ಅರಳಿ, ಬಸರಿ, ಗೋಣಿ ಎಲ್ಲ ಇದೇ ಕುಲದವು. ಇವುಗಳಲ್ಲಿ ನೂರಾರು ಜಾತಿಗಳು ಬದುಕು ಶುರು ಮಾಡುವುದೇ ಇನ್ನೊಂದು ಮರದ ಮೇಲೆ. ಸುಡುವ ಬಿಸಿಲು, ಒಣ ಗಾಳಿ, ಸುಣ್ಣದ ಗಾರೆ ಎಲ್ಲವನ್ನೂ ತಡೆದುಕೊಳ್ಳುವ ಕೆಲವು ಜಾತಿಗಳು ಕಟ್ಟಡಗಳಿಗೂ ಒಗ್ಗಿಕೊಂಡಿವೆ. ಉಳಿದವುಗಳಲ್ಲಿ ಎಷ್ಟೋ ಜಾತಿಗಳು ದಟ್ಟ ಕಾಡು ಬಿಟ್ಟು ಹೊರಗೆ ಕಾಣಿಸುವುದೇ ಇಲ್ಲ.

ಬೋರ್ನಿಯೋ ದ್ವೀಪದ ಸರವಾಕ್‌ನಲ್ಲಿ ಲಂಬೀರ್ ಹಿಲ್ಸ್ ಅನ್ನುವ ರಾಷ್ಟ್ರೀಯ ಉದ್ಯಾನ ಇದೆ. ಅಲ್ಲಿ ಮರದ ಮೇಲೆ ಹುಟ್ಟುವ ಅತ್ತಿಗಳನ್ನೇ ಹುಡುಕಿ ಲೆಕ್ಕ ಹಾಕಿದಾಗ 27 ಜಾತಿಗಳು ಸಿಕ್ಕವು. ಕೇಳಲು ಸಮೃದ್ಧಿ ಅನ್ನಿಸುತ್ತದೆ. ಆದರೆ ಒಂದೊಂದು ಜಾತಿಯ ಮರಗಳು ಮಾತ್ರ ತುಂಬ ಕಮ್ಮಿ, ಅಲ್ಲೊಂದು ಇಲ್ಲೊಂದು. ಒಂದಕ್ಕೆ ತೀರಾ ಎತ್ತರದ ಕೊಂಬೆಯೇ ಬೇಕು, ಇನ್ನೊಂದಕ್ಕೆ ಕೆಳಗಿನ ನೆರಳಾದರೂ ಸಾಕು, ಮತ್ತೊಂದು ಕೆಲವು ಬಗೆಯ ಮರಗಳ ಮೇಲೆಯೇ ಜಾಸ್ತಿ ಸಿಗುತ್ತದೆ. ಹೀಗೆ ಅವರವರ ಜಾಗ ಹಂಚಿಕೊಂಡೇ ಅಷ್ಟು ಜಾತಿಗಳು ಒಂದೇ ಕಾಡಿನಲ್ಲಿ ಇರುವುದು.

ಸಿಂಗಾಪುರವನ್ನೇ ನೋಡಿ. ಅಲ್ಲಿನ ಸೇತುವೆ, ಗೋಡೆಗಳಲ್ಲಿ ಕೆಲವು ಅತ್ತಿಗಳು ಯಾರ ಆರೈಕೆಯೂ ಇಲ್ಲದೆ ಬೆಳೆಯುತ್ತವೆ. ಅದೇ ದ್ವೀಪದಲ್ಲಿ, ಅದೇ ಗುಂಪಿಗೆ ಸೇರಿದ ಬೇರೆ ಕೆಲವು ಜಾತಿಗಳು ಸ್ಥಳೀಯ ಕೆಂಪು ಪಟ್ಟಿಯಲ್ಲಿ, ಅಂದರೆ ಅಳಿವಿನ ಅಪಾಯ ಎಷ್ಟು ಅಂತ ಹೇಳುವ ಪಟ್ಟಿಯಲ್ಲಿ, ತೀವ್ರ ಅಪಾಯದ ಸಾಲಿನಲ್ಲಿವೆ. ಹಾಗಾಗಿ ಒಂದು ಅತ್ತಿಯನ್ನು ನೋಡಿ ಎಲ್ಲ ಅತ್ತಿಗಳ ಬಗ್ಗೆ ತೀರ್ಮಾನ ಮಾಡಬೇಡಿ.

ಪ್ರಶ್ನೆ: ಇದು ಬದನಿಕೆಯ ಹಾಗೆ ಪರಾವಲಂಬಿ ತಾನೇ? ಬೇರೆ ಮರದ ರಸ ಹೀರಿ ಬದುಕುವುದನ್ನು ಉಳಿಸಬೇಕು ಅಂತ ಯಾಕೆ ಹೇಳುತ್ತೀರಿ?

ಉತ್ತರ: ಬದನಿಕೆಗೂ ಇದಕ್ಕೂ ಸಂಬಂಧವೇ ಇಲ್ಲ. ಬದನಿಕೆ ಆಸರೆ ಮರದ ಕೊಂಬೆಯೊಳಗೇ ಬೇರಿಳಿಸಿ ನೀರು, ಲವಣ ಎಳೆದುಕೊಳ್ಳುತ್ತದೆ. ಅತ್ತಿ ಆ ಕೆಲಸ ಮಾಡುವುದಿಲ್ಲ. ಕವಲಿನಲ್ಲಿ ಕೊಳೆತ ಎಲೆ, ತೊಗಟೆ ಪುಡಿ, ಪಾಚಿ ಸೇರಿ ಒಂದು ಹಿಡಿಯಷ್ಟು ಮಣ್ಣಿನಂಥದ್ದು ಆಗಿರುತ್ತದಲ್ಲ, ಅದರಲ್ಲಿ ಬೇರು ಬಿಡುತ್ತದೆ. ಮಳೆ ಬಂದರೆ ನೀರು, ಇಲ್ಲದಿದ್ದರೆ ಇಲ್ಲ. ನೆಲದಿಂದ ಅಷ್ಟು ಮೇಲೆ, ಸುತ್ತ ಹಸಿರು ಕಾಡೇ ಇದ್ದರೂ ಆ ಸಸಿಯ ಪಾಲಿಗೆ ಅದು ಬರದ ಸೀಮೆ. ಬುಡದ ಬೇರನ್ನು ದಪ್ಪ ಮಾಡಿಕೊಂಡು ಅದರಲ್ಲಿ ನೀರು ಕೂಡಿಟ್ಟುಕೊಳ್ಳುವ ಜಾತಿಗಳೂ ಇವೆ. ವರ್ಷಗಟ್ಟಲೆ ಅಲ್ಲೇ ಗಿಡ್ಡಕ್ಕೆ ಕೂತಿರುತ್ತದೆ. ಒಂದು ಬೇರು ಕಾಂಡ ಹಿಡಿದು ಇಳಿದು ನೆಲ ಮುಟ್ಟಿದ ಮೇಲೆಯೇ ಅದರ ಬೆಳವಣಿಗೆಗೆ ವೇಗ ಬರುವುದು.

ಪ್ರಶ್ನೆ: ಆಸರೆ ಕೊಟ್ಟ ಮರ ಸಾಯಲೇಬೇಕಾ? ಕತ್ತು ಹಿಸುಕಿ ಕೊಲ್ಲುತ್ತದೆ ಅನ್ನುವುದು ನಿಜವಾ?

ಉತ್ತರ: ಅರ್ಧ ನಿಜ. ಇಳಿದ ಬೇರುಗಳು ಒಂದಕ್ಕೊಂದು ತಾಗಿದ ಕಡೆ ಬೆಸೆದುಕೊಳ್ಳುತ್ತವೆ. ಕಾಂಡದ ಸುತ್ತ ಒಂದು ಜಾಲರಿ ಆಗುತ್ತದೆ. ಒಳಗಿನ ಮರ ಪ್ರತಿವರ್ಷ ದಪ್ಪ ಆಗಬೇಕು, ಹೊರಗಿನ ಜಾಲರಿ ಬಿಡುವುದಿಲ್ಲ. ತೊಗಟೆಯ ಕೆಳಗೆ ಆಹಾರ ಹರಿಯುವ ದಾರಿ ಕಿರಿದಾಗುತ್ತದೆ. ಆದರೆ ಮರ ಸೊರಗುವುದಕ್ಕೆ ಇದೊಂದೇ ಕಾರಣ ಅಂತ ಹೇಳಲಾಗದು. ಮೇಲೆ ಅತ್ತಿಯ ಎಲೆ ಹರಡಿ ಬೆಳಕು ತಪ್ಪಿಸುತ್ತದೆ, ಕೆಳಗೆ ಅದರ ಬೇರು ನೀರು, ಗೊಬ್ಬರಕ್ಕೆ ಪೈಪೋಟಿ ಕೊಡುತ್ತದೆ. ಇವೂ ಅಷ್ಟೇ ದೊಡ್ಡ ಹೊಡೆತ.

ತಾಳೆ ಜಾತಿಯ ಮರಗಳ ಕಾಂಡ ವಯಸ್ಸಾದಂತೆ ದಪ್ಪ ಆಗುತ್ತಾ ಹೋಗುವುದಿಲ್ಲ. ಅದಕ್ಕೇ ಸುತ್ತ ಅತ್ತಿಯ ಬೇರು ಹೆಣೆದುಕೊಂಡಿದ್ದರೂ ಅವು ಬಹಳ ಕಾಲ ಆರಾಮಾಗಿ ನಿಂತಿರುತ್ತವೆ. ನೆತ್ತಿಯ ಮೇಲಿನ ನೆರಳು ಜಾಸ್ತಿಯಾದರೆ ಮಾತ್ರ ಕಷ್ಟ.

ಇನ್ನೊಂದು ವಿಷಯ ಕೇಳಿ. 2013ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಮೇಲೆ ಓಸ್ವಾಲ್ಡ್ ಚಂಡಮಾರುತದ ಬಿರುಗಾಳಿ ಬೀಸಿತು. ಅಲ್ಲಿನ ಲ್ಯಾಮಿಂಗ್ಟನ್ ರಾಷ್ಟ್ರೀಯ ಉದ್ಯಾನದಲ್ಲಿ ಆಮೇಲೆ ಬಿದ್ದ ಮರ, ನಿಂತ ಮರಗಳನ್ನು ಇಬ್ಬರು ಸಂಶೋಧಕರು ಹೋಲಿಸಿ ನೋಡಿದರು. ಅತ್ತಿ ಸುತ್ತಿಕೊಂಡಿದ್ದ ಮರಗಳು ಬೀಳದೆ ಉಳಿದದ್ದು ಜಾಸ್ತಿ. ಬೇರುಗಳು ಸುತ್ತಲೂ ನೆಲಕ್ಕೆ ಊರಿ ಆಸರೆ ಮರವನ್ನೇ ಎತ್ತಿ ಹಿಡಿದಿರಬಹುದು ಅಂತ ಅವರು 2017ರಲ್ಲಿ ಬರೆದರು. ಕೊಲೆಗಾರ ಅಂತ ಹೆಸರಿಟ್ಟು ಕೈ ತೊಳೆದುಕೊಳ್ಳುವ ಮೊದಲು ಇದನ್ನೂ ಲೆಕ್ಕಕ್ಕೆ ತಗೊಳ್ಳಬೇಕು.

ಪ್ರಶ್ನೆ: ಅತ್ತಿ ಹಣ್ಣು ಬಿಚ್ಚಿದರೆ ಒಳಗೆ ಬರೀ ಹುಳ. ಹುಳ ಬಿದ್ದೇ ಈ ಜಾತಿಗಳು ಕಮ್ಮಿ ಆಗುತ್ತಿವೆಯಾ? ಔಷಧಿ ಹೊಡೆದರೆ ಉಳಿಯುತ್ತವಾ?

ಉತ್ತರ: ದಯವಿಟ್ಟು ಹೊಡೆಯಬೇಡಿ. ಆ ಹುಳ ಇಲ್ಲದೆ ಬೀಜವೇ ಇಲ್ಲ.

ನಾವು ಹಣ್ಣು ಅನ್ನುವುದು ನಿಜವಾಗಿ ಒಳಮುಖ ಮಾಡಿ ಮಡಚಿದ ಚೀಲದಂಥ ಹೂಗೊಂಚಲು. ನೂರಾರು ಪುಟ್ಟ ಹೂಗಳು ಒಳಗೋಡೆಗೆ ಅಂಟಿಕೊಂಡಿರುತ್ತವೆ. ತುದಿಯಲ್ಲಿ ಒಂದು ಸಣ್ಣ ಬಾಯಿ, ಅದಕ್ಕೂ ಬಿಗಿಯಾಗಿ ಒಂದರ ಮೇಲೊಂದು ಕೂತ ಪೊರೆಗಳ ಮುಚ್ಚಳ. ಜೇನ್ನೊಣ, ಚಿಟ್ಟೆ ಯಾವುದೂ ಒಳಗೆ ಹೋಗಲಾರದು. ಹೋಗಬಲ್ಲದ್ದು ಒಂದೇ, ಒಂದೆರಡು ಮಿಲಿಮೀಟರ್ ಉದ್ದದ ಹೆಣ್ಣು ಕಣಜ. ತಲೆ ಚಪ್ಪಟೆಯಾಗಿ, ಆ ಸಂದಿನಲ್ಲಿ ನುಗ್ಗುವುದಕ್ಕೇ ಮಾಡಿದ ಹಾಗಿರುತ್ತದೆ. ನುಗ್ಗುವಾಗ ರೆಕ್ಕೆ ಸಾಮಾನ್ಯವಾಗಿ ಕಿತ್ತು ಹೋಗುತ್ತದೆ, ಮೀಸೆಯಂಥ ಸ್ಪರ್ಶಾಂಗಗಳೂ ಮುರಿಯುತ್ತವೆ. ಎಳೆ ಕಾಯಿಯನ್ನು ಭೂತಗನ್ನಡಿಯಲ್ಲಿ ನೋಡಿದರೆ ಬಾಯಿಯ ಹತ್ತಿರ ಆ ರೆಕ್ಕೆಗಳು ಸಿಕ್ಕಿಕೊಂಡಿರುವುದು ಕಾಣಿಸುತ್ತದೆ. ಒಳಗೆ ಹೋದವಳು ಮತ್ತೆ ಹೊರಗೆ ಬರುವುದು ಅಪರೂಪ. ತಂದ ಪರಾಗವನ್ನು ಹೂಗಳಿಗೆ ಮುಟ್ಟಿಸುತ್ತಾಳೆ, ಕೆಲವು ಹೂಗಳಲ್ಲಿ ಮೊಟ್ಟೆ ಇಡುತ್ತಾಳೆ, ಅಲ್ಲೇ ಸಾಯುತ್ತಾಳೆ. ಮೊಟ್ಟೆ ಬಿದ್ದ ಹೂ ಮರಿಯನ್ನು ಸಾಕುತ್ತದೆ, ಉಳಿದ ಹೂ ಬೀಜ ಕಟ್ಟುತ್ತದೆ.

ಕೆಲವು ವಾರಗಳ ಮೇಲೆ ಮೊದಲು ಗಂಡುಗಳು ಹೊರಬರುತ್ತವೆ. ರೆಕ್ಕೆ ಇಲ್ಲ, ಕಣ್ಣು ಇದ್ದೂ ಇಲ್ಲದ ಹಾಗೆ. ಹೂವಿನೊಳಗೇ ಇರುವ ಹೆಣ್ಣುಗಳ ಜೊತೆ ಕೂಡಿ, ಕಾಯಿಯ ಗೋಡೆಗೆ ದಾರಿ ಕೊರೆದು, ಅಲ್ಲಿಗೆ ಅವುಗಳ ಆಯಸ್ಸು ಮುಗಿಯಿತು. ಹೆಣ್ಣುಗಳು ಪರಾಗ ಹೊತ್ತು ಆ ದಾರಿಯಲ್ಲಿ ಹಾರಿ ಹೋಗುತ್ತವೆ. ಆಮೇಲೆ ಕಾಯಿ ಹಣ್ಣಾಗುತ್ತದೆ, ಹಕ್ಕಿ ಬರುತ್ತದೆ.

ಒಂದು ಅತ್ತಿ ಜಾತಿಗೆ ಬಹುಮಟ್ಟಿಗೆ ಅದರದ್ದೇ ಕಣಜ. ಕೆಲವಕ್ಕೆ ಎರಡು ಮೂರು ಜಾತಿಯ ಕಣಜ ಇರುವುದೂ ಗೊತ್ತಾಗಿದೆ. ಆದರೆ ಸಿಕ್ಕಸಿಕ್ಕ ಕೀಟ ಬಂದು ಈ ಕೆಲಸ ಮಾಡಿಕೊಡುವುದಿಲ್ಲ. ಇದಕ್ಕೆ ಒಳ್ಳೆ ಉದಾಹರಣೆ ಫೈಕಸ್ ಮೈಕ್ರೋಕಾರ್ಪಾ ಅನ್ನುವ ಏಷ್ಯಾದ ಅತ್ತಿ. ಅಮೆರಿಕದ ಫ್ಲಾರಿಡಾದಲ್ಲಿ ಅದನ್ನು ನೆರಳಿಗೆ ಅಂತ ನೆಟ್ಟಿದ್ದರು. ತುಂಬಾ ಕಾಲ ತನ್ನಷ್ಟಕ್ಕೆ ಒಂದು ಸಸಿಯೂ ಹುಟ್ಟಲಿಲ್ಲ. ಅದರ ಕಣಜ ಅಲ್ಲಿಗೆ ತಲುಪಿದ ಮೇಲೆ ಎಲ್ಲೆಂದರಲ್ಲಿ ಹುಟ್ಟತೊಡಗಿತು. ಅಪಾಯದಲ್ಲಿರುವ ಜಾತಿಯಲ್ಲಿ ಆಗುವುದು ಇದರ ಉಲ್ಟಾ. ಮರ ಇರುತ್ತದೆ, ಕಣಜ ಹೋಗಿರುತ್ತದೆ.

ಪ್ರಶ್ನೆ: ಒಂದು ಕಾಡಿನಲ್ಲಿ ಹತ್ತಿಪ್ಪತ್ತು ದೊಡ್ಡ ಮರ ಉಳಿದರೆ ಸಾಲದೇ? ಬೀಜ ಬಿದ್ದು ಮತ್ತೆ ಹೆಚ್ಚುತ್ತವಲ್ಲ?

ಉತ್ತರ: ಬಂದ ಪ್ರಶ್ನೆಗಳಲ್ಲಿ ನಮಗೆ ಅತಿ ಮುಖ್ಯ ಅನ್ನಿಸಿದ್ದು ಇದು. ಬೇರೆ ಎಷ್ಟೋ ಮರಗಳಿಗೆ ಹತ್ತಿಪ್ಪತ್ತು ಒಂದು ಒಳ್ಳೆ ಆರಂಭ. ಈ ಅತ್ತಿಗಳಿಗೆ ಸಾಲದೇ ಹೋಗಬಹುದು.

ಹೇಗೆ ಅಂತ ನೋಡಿ. ಹಾರಿ ಹೋದ ಹೆಣ್ಣು ಕಣಜ ಬದುಕುವುದು ಒಂದೆರಡು ದಿನ. ಅಷ್ಟರಲ್ಲಿ ತನ್ನದೇ ಜಾತಿಯ ಇನ್ನೊಂದು ಮರ ಸಿಗಬೇಕು. ಸಿಕ್ಕರೆ ಸಾಲದು, ಆ ಮರದ ಎಳೆಗಾಯಿ ಆ ಹೊತ್ತಿಗೆ ಸರಿಯಾಗಿ ಬಾಯಿ ಸಡಿಲಿಸಿರಬೇಕು. ಈ ಗುಂಪಿನ ಬಹುತೇಕ ಜಾತಿಗಳಲ್ಲಿ ಒಂದು ಮರದ ಕಾಯಿಗಳೆಲ್ಲ ಹೆಚ್ಚುಕಮ್ಮಿ ಒಟ್ಟಿಗೇ ಬಲಿಯುತ್ತವೆ. ಹಾಗಾಗಿ ಹುಟ್ಟಿದ ಮರದಲ್ಲೇ ಅವಳಿಗೆ ಜಾಗ ಸಿಗುವುದಿಲ್ಲ. ಆದರೆ ಮರ ಮರಕ್ಕೆ ಕಾಲ ಬೇರೆ. ಒಂದು ಈಗ, ಇನ್ನೊಂದು ಮುಂದಿನ ತಿಂಗಳು. ಸುತ್ತಮುತ್ತ ಸಾಕಷ್ಟು ಮರ ಇದ್ದರೆ ವರ್ಷ ಪೂರ್ತಿ ಯಾವುದಾದರೂ ಒಂದು ಮರ ತೆರೆದಿರುತ್ತದೆ, ಕಣಜದ ಸಂತತಿ ಮುಂದುವರಿಯುತ್ತದೆ. ಮರ ಕಮ್ಮಿಯಾದರೆ ಯಾವತ್ತೋ ಒಂದು ವಾರ ಎಲ್ಲೂ ತೆರೆದ ಮರ ಇರುವುದಿಲ್ಲ. ಅಷ್ಟು ಸಾಕು, ಆ ಜಾಗದ ಕಣಜ ಮುಗಿಯಿತು.

ಎಷ್ಟು ಮರ ಬೇಕು? ಆಫ್ರಿಕಾದ ಗಬಾನ್ ದೇಶದ ಫೈಕಸ್ ನಟಾಲೆನ್ಸಿಸ್ ಅನ್ನುವ ಅತ್ತಿಯ ಮಾಹಿತಿ ಇಟ್ಟುಕೊಂಡು 1990ರಲ್ಲಿ ಕಂಪ್ಯೂಟರ್ ಮಾದರಿ ಮಾಡಿ ನೋಡಿದರು. ಕಣಜದ ಸಂತತಿ ನಾಲ್ಕು ವರ್ಷ ತುಂಡಾಗದೆ ನಡೆಯಬೇಕಾದರೆ ಸುಮಾರು 95 ಮರ ಬೇಕು ಅಂತ ಬಂತು. ಇದು ಒಂದು ಜಾತಿಯ ಲೆಕ್ಕ, ಎಲ್ಲದಕ್ಕೂ ಹಾಗೇ ಹಚ್ಚಬಾರದು. ಆದರೂ ಹತ್ತಿಪ್ಪತ್ತಕ್ಕೂ ಇದಕ್ಕೂ ಎಷ್ಟು ದೂರ ನೋಡಿ.

ಇನ್ನು ಆ ಮರಗಳು ಹತ್ತಿರ ಹತ್ತಿರ ಇರಬೇಕೆಂದೇನಿಲ್ಲ. ಈ ಪುಟ್ಟ ಕಣಜಗಳು ಕಾಡಿನ ನೆತ್ತಿಯ ಮೇಲೆ ಏರಿ ಗಾಳಿಯ ಜೊತೆ ಹೋಗುತ್ತವೆ, ಆಮೇಲೆ ತಮ್ಮ ಮರದ ವಾಸನೆ ಹಿಡಿದು ಇಳಿಯುತ್ತವೆ. ಪನಾಮಾದಲ್ಲಿ ಬೀಜಗಳ ತಳಿಗುಣ ಪರೀಕ್ಷೆ ಮಾಡಿ 1998ರಲ್ಲಿ ಹೇಳಿದ ಪ್ರಕಾರ ಪರಾಗ ಮಾಮೂಲಾಗಿಯೇ 6ರಿಂದ 14 ಕಿಲೋಮೀಟರ್ ದೂರದಿಂದ ಬರುತ್ತದೆ. ಹೀಗೆ ಪರಾಗ ಹಂಚಿಕೊಳ್ಳುವ ಒಂದು ಜಾತಿಯ ಮರಗಳ ಬಳಗ ನೂರರಿಂದ ಆರುನೂರು ಚದರ ಕಿಲೋಮೀಟರ್‌ವರೆಗೆ ಹರಡಿರುತ್ತದೆ. ನಮೀಬಿಯಾದ ಮರುಭೂಮಿಯಲ್ಲಿ ಬೇರೊಂದು ಬಗೆಯ ಅತ್ತಿಯ ಕಣಜ 160 ಕಿಲೋಮೀಟರ್‌ವರೆಗೂ ಪರಾಗ ಒಯ್ದದ್ದು ದಾಖಲಾಗಿದೆ. ಇದು ಭರವಸೆಯ ಸುದ್ದಿಯೇ. ದೂರ ದೂರ ಚದುರಿದ ಒಂಟಿ ಮರಗಳಿಗೂ ಬೆಲೆ ಇದೆ ಅಂತಾಯಿತು. ಜೊತೆಗೆ ಒಂದು ಎಚ್ಚರಿಕೆಯೂ ಇದೆ. ಒಂದು ಚಿಕ್ಕ ಕಾಡಿಗೆ ಬೇಲಿ ಹಾಕಿ, ಸುತ್ತಲ ಮರಗಳನ್ನೆಲ್ಲ ಕಡಿದು, ಜಾತಿ ಉಳಿಸಿದೆವು ಅಂದರೆ ಆಗದು.

ಹೀಗೆ ಕಣಜ ತಪ್ಪಿದ ಮರ ಕೂಡಲೇ ಸಾಯುವುದಿಲ್ಲ. ಹಸಿರಾಗಿಯೇ ಇರುತ್ತದೆ, ಕಾಯಿ ಬಿಡುತ್ತದೆ, ಕಾಯಿ ಹಣ್ಣಾಗದೆ ಉದುರುತ್ತದೆ. ದೂರದಿಂದ ನೋಡಿದವರಿಗೆ ಏನೂ ಗೊತ್ತಾಗದು. ಈ ಅತ್ತಿಗಳ ಸ್ಥಿತಿ ತಿಳಿಯಬೇಕಾದರೆ ಮರ ಎಣಿಸುವುದರ ಜೊತೆಗೆ ಉದುರಿದ ಕಾಯಿ ಬಿಚ್ಚಿ ಕಣಜ ಇದೆಯಾ, ಬೀಜ ಕಟ್ಟಿದೆಯಾ ಅಂತಲೂ ನೋಡಲೇಬೇಕು ಅನ್ನುವುದು ನಮ್ಮ ಖಚಿತ ಅಭಿಪ್ರಾಯ.

ಪ್ರಶ್ನೆ: ಕೆಂಪು ಪಟ್ಟಿಯಲ್ಲಿ "ಅಪಾಯದಲ್ಲಿದೆ" ಅಂತ ಯಾರು, ಹೇಗೆ ತೀರ್ಮಾನ ಮಾಡುತ್ತಾರೆ?

ಉತ್ತರ: ಜಾಗತಿಕ ಕೆಂಪು ಪಟ್ಟಿ ಐಯುಸಿಎನ್ ಅನ್ನುವ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಸಂಸ್ಥೆಯದ್ದು. ಅಳತೆಗಳು ಹಲವು, ಯಾವುದಾದರೂ ಒಂದಕ್ಕೆ ಹೊಂದಿದರೂ ಸಾಕು. ಬೆಳೆದ ಮರಗಳ ಸಂಖ್ಯೆಯೊಂದನ್ನೇ ನೋಡಿದರೆ 50ಕ್ಕಿಂತ ಕಮ್ಮಿ ಇರುವುದು ತೀವ್ರ ಅಪಾಯ, 250ಕ್ಕಿಂತ ಕಮ್ಮಿ ಇದ್ದರೆ ಅಪಾಯ, 1000ಕ್ಕಿಂತ ಕಮ್ಮಿ ಇದ್ದರೆ ಅಪಾಯಕ್ಕೆ ಈಡಾಗಬಲ್ಲ ಸ್ಥಿತಿ. ಹರಡಿದ ಪ್ರದೇಶ ಎಷ್ಟು ಕಿರಿದಾಗಿದೆ, ಕಾಡು ಎಷ್ಟು ಚೂರಾಗಿದೆ, ಎಷ್ಟು ಬೇಗ ಇಳಿಮುಖವಾಗುತ್ತಿದೆ ಅನ್ನುವ ಅಳತೆಗಳೂ ಇವೆ.

ಆದರೆ ಈ ಅತ್ತಿಗಳಲ್ಲಿ "ಒಂದು ಮರ" ಅಂದರೇನು ಅನ್ನುವುದೇ ಕಗ್ಗಂಟು. 1991ರಲ್ಲಿ ಪನಾಮಾದ ಆರು ಜಾತಿಗಳ ಮರಗಳನ್ನು ಪರೀಕ್ಷಿಸಿದಾಗ ಅಚ್ಚರಿ ಕಾದಿತ್ತು. ಒಂದೇ ಮರ ಅಂದುಕೊಂಡಿದ್ದರಲ್ಲಿ ಬೇರೆ ಬೇರೆ ಬೀಜಗಳಿಂದ ಹುಟ್ಟಿದ ಹಲವು ಗಿಡಗಳು ಬೆಸೆದುಕೊಂಡಿದ್ದವು. ಒಂದೇ ಆಸರೆ ಮರದ ಮೇಲೆ ಹಕ್ಕಿಗಳು ಹಾಕಿದ ಹಲವು ಬೀಜ ಮೊಳೆತು, ಬೇರುಗಳು ಕೂಡಿಕೊಂಡು ಒಂದಾಗಿರುತ್ತವೆ. ಹಾಗಾದರೆ ಲೆಕ್ಕಕ್ಕಿಂತ ಜಾಸ್ತಿ ಗಿಡಗಳಿವೆ ಅಂತ ಖುಷಿ ಪಡಬೇಕೇ? ಸ್ವಲ್ಪ ಮಟ್ಟಿಗೆ ಹೌದು. ತಳಿಯ ವೈವಿಧ್ಯ ನಾವಂದುಕೊಂಡದ್ದಕ್ಕಿಂತ ಚೆನ್ನಾಗಿದೆ. ಬೆಸೆದ ಗಿಡಗಳು ಬೇರೆ ಬೇರೆ ಸಮಯಕ್ಕೆ ಕಾಯಿ ಬಿಟ್ಟರೆ ಕಣಜಕ್ಕೂ ಅನುಕೂಲ. ಆದರೆ ಅದೇ ಕಾರಣಕ್ಕೆ ಅಂಥ ಒಂದು ಮರ ಕಡಿದರೆ ಹೋಗುವುದೂ ಒಂದಲ್ಲ, ಹಲವು.

ಪ್ರಶ್ನೆ: ಇವು ಕಮ್ಮಿಯಾಗುವುದಕ್ಕೆ ಮುಖ್ಯ ಕಾರಣ ಏನು? ಕಾಡು ಕಡಿಯುವುದೊಂದೇನಾ?

ಉತ್ತರ: ಕಾಡು ಕಡಿಯುವುದೇ ಮೊದಲ ಕಾರಣ, ಅದರಲ್ಲಿ ಸಂಶಯ ಬೇಡ. ಆದರೆ ಪೂರ್ತಿ ಕಡಿಯಬೇಕೆಂದೂ ಇಲ್ಲ. ದಪ್ಪ ದಪ್ಪ ಹಳೆ ಮರಗಳನ್ನು ಮಾತ್ರ ಆರಿಸಿ ನಾಟಾಕ್ಕೆ ಒಯ್ದರೆ ಕಾಡು ಹಸಿರಾಗಿಯೇ ಕಾಣುತ್ತದೆ. ಅತ್ತಿಗೆ ಬೇಕಾದದ್ದು ಅವೇ ಮರಗಳು. ಎಳೆ ಮರದ ನುಣುಪು ತೊಗಟೆಯ ಮೇಲೆ ಬೀಜ ನಿಲ್ಲುವುದಿಲ್ಲ. ಕವಲು ಅಗಲವಾಗಿ, ತೊಗಟೆ ಒರಟಾಗಿ, ಪೊಟರೆ ಬಿದ್ದು, ಅದರಲ್ಲಿ ಕೊಳೆತದ್ದು ತುಂಬಿಕೊಳ್ಳಲು ಮರಕ್ಕೆ ಎಷ್ಟೋ ದಶಕ ಬೇಕು. ಆಸರೆ ಮರ ಹೋಯಿತು ಅಂದರೆ ಇವತ್ತಿನ ಅತ್ತಿಯ ಜೊತೆಗೆ ಮುಂದೆ ಹುಟ್ಟಬೇಕಾದ ಅತ್ತಿಯ ಜಾಗವೂ ಹೋಯಿತು.

ನಾಟಾ ಮರ ಹಾಳು ಮಾಡುತ್ತದೆ ಅಂತ ಅರಣ್ಯ ನಿರ್ವಹಣೆಯ ಹೆಸರಿನಲ್ಲೇ ಈ ಅತ್ತಿಗಳನ್ನು, ಬಳ್ಳಿಗಳನ್ನು ಕಡಿದು ಹಾಕುವ ಪದ್ಧತಿ ಹಲವು ದೇಶಗಳಲ್ಲಿ ಬಹಳ ಕಾಲ ಇತ್ತು. ಒಂದು ಕಾಲಕ್ಕೆ ಅದು ಒಳ್ಳೆ ಕೆಲಸ ಅಂತಲೇ ಎಲ್ಲರ ಭಾವನೆ. ಅದರ ನಷ್ಟ ತುಂಬಲು ತಲೆಮಾರುಗಳು ಬೇಕಾಗುತ್ತವೆ.

ಬೇಟೆಯೂ ಕಾರಣ. ಮಂಗಟ್ಟೆ ಹಕ್ಕಿ, ದೊಡ್ಡ ಪಾರಿವಾಳ, ಗಿಬ್ಬನ್, ಹಣ್ಣು ತಿನ್ನುವ ಬಾವಲಿ ಇವೆಲ್ಲ ಬೀಜವನ್ನು ದೂರ ಒಯ್ದು ಎತ್ತರದ ಕೊಂಬೆಗಳ ಮೇಲೇ ಹಾಕುತ್ತವೆ. ಅವನ್ನು ಹೊಡೆದು ಮುಗಿಸಿದ ಕಾಡಿನಲ್ಲಿ ಹಣ್ಣು ಕೆಳಗೆ ಬಿದ್ದು ಕೊಳೆಯುತ್ತದೆ. ನೆಲದ ನೆರಳಿನಲ್ಲಿ ಮೊಳೆತ ಸಸಿಗೆ ಬೆಳೆಯುವ ಯೋಗ ಇಲ್ಲವೆಂದರೂ ಸರಿ.

ಬರ ಬಿದ್ದರೆ ಏನಾಗುತ್ತದೆ ಅನ್ನುವುದು ಮೇಲೆ ಹೇಳಿದ ಲಂಬೀರ್‌ನಲ್ಲೇ ಕಂಡಿದೆ. 1998ರ ಎಲ್ ನಿನೊ ಬರಗಾಲದಲ್ಲಿ ಅಲ್ಲಿ ಕೆಲವು ಅತ್ತಿಗಳು ಕಾಯಿ ಬಿಡುವುದೇ ತಪ್ಪಿತು, ಅವುಗಳ ಕಣಜಗಳು ಆ ಜಾಗದಿಂದಲೇ ಇಲ್ಲವಾದವು. ಅವು ನೆಲದಲ್ಲೇ ಬೆಳೆಯುವ, ಗಂಡು ಹೆಣ್ಣು ಬೇರೆ ಬೇರೆ ಇರುವ ಜಾತಿಗಳು. ಆದರೆ ಸರಪಳಿ ತುಂಡಾಗುವ ರೀತಿ ಒಂದೇ. ಸುತ್ತ ಕಾಡಿದ್ದರೆ ಕಣಜ ಮತ್ತೆ ಹೊರಗಿನಿಂದ ಬರಬಹುದು. ಸುತ್ತ ಬರೀ ತೋಟ ಇದ್ದರೆ?

ಪ್ರಶ್ನೆ: ಒಂದು ಅತ್ತಿ ಜಾತಿ ಹೋದರೆ ಇನ್ನೊಂದು ಇದ್ದೇ ಇದೆಯಲ್ಲ. ಹಕ್ಕಿಗಳಿಗೆ ಅಷ್ಟು ವ್ಯತ್ಯಾಸ ಆಗುತ್ತಾ?

ಉತ್ತರ: ಆಗುತ್ತದೆ. ಬೇರೆ ಮರಗಳು ಹಣ್ಣು ಬಿಡುವುದಕ್ಕೆ ಒಂದು ಕಾಲ ಇರುತ್ತದೆ, ಆಮೇಲೆ ಕಾಡು ಖಾಲಿ. ಅತ್ತಿಗಳು ಕಾಲ ನೋಡದೆ, ಒಂದಲ್ಲ ಒಂದು ಮರ ಹಣ್ಣಾಗಿರುವುದರಿಂದ ಆ ಖಾಲಿ ತಿಂಗಳುಗಳಲ್ಲಿ ಹಕ್ಕಿ, ಮಂಗಗಳ ಹೊಟ್ಟೆ ತುಂಬುವುದು ಅವುಗಳಿಂದ. ಪೆರುವಿನ ಕೋಚಾ ಕಾಶು ಅನ್ನುವ ಕಾಡಿನ ಸಂಶೋಧನಾ ಕೇಂದ್ರದಲ್ಲಿ ಕೆಲಸ ಮಾಡಿದ ವಿಜ್ಞಾನಿ ಜಾನ್ ಟೆರ್ಬೋರ್ಗ್ 1986ರಲ್ಲೇ ಇದನ್ನು ಒತ್ತಿ ಹೇಳಿದ್ದರು. 2001ರಲ್ಲಿ ಪ್ರಪಂಚದ ದಾಖಲೆಗಳನ್ನೆಲ್ಲ ಒಟ್ಟು ಹಾಕಿ ನೋಡಿದಾಗ ಅತ್ತಿ ತಿನ್ನುವ ಹಕ್ಕಿ ಮತ್ತು ಸಸ್ತನಿಗಳ ಜಾತಿಗಳೇ 1200ಕ್ಕೂ ಜಾಸ್ತಿ ಸಿಕ್ಕವು. ಇನ್ನೊಂದು ಅಧ್ಯಯನದಲ್ಲಿ, 1998ರಲ್ಲಿ, ಬೇರೆ ಕಾಡುಹಣ್ಣುಗಳಿಗಿಂತ ಅತ್ತಿಯಲ್ಲಿ ಕ್ಯಾಲ್ಸಿಯಂ ಮೂರು ಪಟ್ಟಿನಷ್ಟಿದೆ ಅಂತ ಗೊತ್ತಾಯಿತು. ಮೊಟ್ಟೆ ಇಡುವ ಹಕ್ಕಿಗೆ, ಹಾಲೂಡಿಸುವ ತಾಯಿ ಪ್ರಾಣಿಗೆ ಅದು ಸಣ್ಣ ವಿಷಯ ಅಲ್ಲ.

ಇನ್ನೊಂದು ಮುಖವೂ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಗಬಾನ್‌ನ ಒಂದು ಕಾಡಿನಲ್ಲಿ 1989ರಲ್ಲಿ ಇದನ್ನೇ ಪರೀಕ್ಷಿಸಿದವರು, ಅಲ್ಲಿ ಅತ್ತಿ ಮರಗಳು ಎಷ್ಟು ವಿರಳ ಅಂದರೆ ಪ್ರಾಣಿಗಳು ಅದನ್ನು ನಂಬಿ ಬದುಕಲು ಆಗುವುದಿಲ್ಲ ಅಂತ ಹೇಳಿದರು. ಅತ್ತಿ ಎಲ್ಲ ಕಾಡಿಗೂ ಜೀವಾಳ ಅನ್ನುವುದು ಅತಿಮಾತು. ಆದರೆ ನಾವು ಇದನ್ನು ಓದುವುದು ಹೀಗೆ: ಅತ್ತಿ ವಿರಳವಾದ ಮೇಲೆ ಅದು ಯಾರಿಗೂ ಆಸರೆ ಆಗಲಾರದು. ಸಮೃದ್ಧವಾಗಿ ಇರುವ ಕಡೆ ಅದನ್ನು ವಿರಳ ಮಾಡಿಕೊಳ್ಳುವುದು ಬೇಡ.

ಅಷ್ಟೇ ಅಲ್ಲ, ಒಂದು ಜಾತಿಯ ಜೊತೆ ಅದರ ಕಣಜವೂ ಹೋಗುತ್ತದೆ. ಆ ಕಣಜಕ್ಕೆ ಬೇರೆಲ್ಲೂ ಮೊಟ್ಟೆ ಇಡಲು ಬರುವುದಿಲ್ಲ. ಸುಮಾರು ಏಳೆಂಟು ಕೋಟಿ ವರ್ಷಗಳಿಂದ ನಡೆದು ಬಂದ ಕೊಡುಕೊಳೆ ಇದು.

ಪ್ರಶ್ನೆ: ಮರದ ವಯಸ್ಸು ಹೇಗೆ ತಿಳಿಯುವುದು? ಸಾವಿರ ವರ್ಷದ್ದು ಅಂತೆಲ್ಲ ಹೇಳುತ್ತಾರೆ.

ಉತ್ತರ: ಸುಲಭ ಇಲ್ಲ. ಕಾಂಡ ಅನ್ನುವುದೇ ಬೆಸೆದ ಬೇರುಗಳು, ನಡುವೆ ಹಳೆ ಮರ ಕೊಳೆತು ಟೊಳ್ಳು. ನಂಬಬಹುದಾದ ವರ್ಷದ ಉಂಗುರ ಸಿಗುವುದು ಕಷ್ಟ. ದಪ್ಪ ನೋಡಿ ಹೇಳಿದ ವಯಸ್ಸನ್ನು ಸುಮ್ನೆ ನಂಬಬೇಡಿ.

ಪ್ರಶ್ನೆ: ಕೊಂಬೆ ಕಡಿದು ನೆಟ್ಟರೆ ಅತ್ತಿ ಚಿಗುರುತ್ತದೆ ಅಂತಾರೆ. ಅಪರೂಪದ ಜಾತಿಯನ್ನು ಹಾಗೆ ಹೆಚ್ಚಿಸಬಹುದಲ್ಲ? ಬೀಜ ತಂದು ಮರದ ಮೇಲೆ ಹಾಕಿದರೂ ಆಗುತ್ತಾ?

ಉತ್ತರ: ಎರಡೂ ಆಗುತ್ತದೆ, ಎರಡಕ್ಕೂ ಮಿತಿ ಇದೆ.

ಬೀಜದ ಕತೆ ಮೊದಲು. ಬೋರ್ನಿಯೋದ ಗುನುಂಗ್ ಪಲುಂಗ್ ಕಾಡಿನಲ್ಲಿ ಸಂಶೋಧಕ ಟಿಮ್ ಲಾಮನ್ ಹಗ್ಗ ಹಿಡಿದು ಎತ್ತರದ ಮರಗಳನ್ನೇರಿ ಒಂದು ಸ್ಟ್ರಾಂಗ್ಲರ್ ಅತ್ತಿಯ ಸಾವಿರಾರು ಬೀಜಗಳನ್ನು ಕೊಂಬೆಗಳ ಮೇಲೆ ಬೇರೆ ಬೇರೆ ಜಾಗಗಳಲ್ಲಿ ಇಟ್ಟು ನೋಡಿದರು. ಒಂದು ವರ್ಷದ ನಂತರ ಬದುಕಿದ್ದವು ನೂರಕ್ಕೆ ಒಂದು ಅನ್ನುವಷ್ಟು. ಅದೂ ತೇವ ಹಿಡಿದಿಡುವ, ಕೊಳೆತ ಪುಡಿ ತುಂಬಿದ ಜಾಗದಲ್ಲಿ. ಕಾಡಿನಲ್ಲಿ ಒಂದು ಮರ ಒಂದೇ ಸಲಕ್ಕೆ ಲಕ್ಷಗಟ್ಟಲೆ ಬೀಜ ಯಾಕೆ ಬಿಡುತ್ತದೆ ಅಂತ ಇದರಿಂದ ಅರ್ಥವಾಗುತ್ತದೆ. ನೀವು ಬೀಜದಿಂದ ಬೆಳೆಸುವುದಾದರೆ ಮಾಗಿದ ಹಣ್ಣು ತೊಳೆದು, ಬೀಜವನ್ನು ತೇವದ ಸಡಿಲ ಮಣ್ಣಿನ ಮೇಲ್ಮೈಯಲ್ಲೇ ಹರಡಿ, ಮುಚ್ಚದೆ ಬೆಳಕಿಗೆ ಇಡಿ. ಸಾಸಿವೆಗಿಂತ ಸಣ್ಣ ಬೀಜ, ಆಳ ಹೂತರೆ ಮೇಲೆ ಬರುವುದಿಲ್ಲ. ಮರದ ಮೇಲೆ ಹುಟ್ಟುವ ಜಾತಿಯಾದರೂ ನೆಲದಲ್ಲಿ ನೆಟ್ಟರೆ ಚೆನ್ನಾಗಿಯೇ ಬೆಳೆಯುತ್ತದೆ, ಬಿಸಿಲು ಬೇಕು ಅಷ್ಟೇ.

ಕೊಂಬೆಯ ವಿಷಯದಲ್ಲಿ ಕೋಸ್ಟಾರಿಕಾದವರು ಒಳ್ಳೆ ದಾರಿ ತೋರಿಸಿದ್ದಾರೆ. ಸುಮಾರು 4 ಮೀಟರ್ ಉದ್ದದ ಅತ್ತಿ ಕೊಂಬೆಗಳನ್ನೇ ಮರುಹುಟ್ಟು ಕಾಡಿನಲ್ಲಿ ನೆಟ್ಟು ನೋಡಿದ್ದಾರೆ. ಪುಟ್ಟ ಸಸಿಗಾದರೆ ಹುಲ್ಲು, ನೆರಳಿನ ಕಾಟ. ಎತ್ತರದ ಕೊಂಬೆಗೆ ಅದು ಕಮ್ಮಿ. ಉತ್ತರ ಥಾಯ್ಲೆಂಡಿನಲ್ಲೂ ಹಾಳಾದ ಕಾಡು ಎಬ್ಬಿಸುವಾಗ ಬೇರೆ ಗಿಡಗಳ ಜೊತೆ ಅತ್ತಿಗಳನ್ನು ತಪ್ಪದೆ ನೆಡುತ್ತಾರೆ. ಅವು ಹಣ್ಣು ಬಿಟ್ಟರೆ ಹಕ್ಕಿಗಳು ಬರುತ್ತವೆ, ಉಳಿದ ಬೀಜಗಳನ್ನು ಅವೇ ತರುತ್ತವೆ.

ಮಿತಿ ಏನೆಂದರೆ, ಒಂದೇ ಮರದಿಂದ ನೂರು ಕೊಂಬೆ ನೆಟ್ಟರೆ ಅವೆಲ್ಲ ಒಂದೇ ಗಿಡದ ಪ್ರತಿಗಳು. ತಳಿ ಒಂದೇ, ಕಾಯಿ ಬಿಡುವ ಸಮಯವೂ ಹತ್ತಿರ ಹತ್ತಿರ ಬಂದುಬಿಟ್ಟರೆ ಕಣಜದ ಸಮಸ್ಯೆ ಹಾಗೇ ಉಳಿಯುತ್ತದೆ. ಹಾಗಾಗಿ ಬೇರೆ ಬೇರೆ ಜಾಗದ, ಬೇರೆ ಬೇರೆ ತಾಯಿ ಮರಗಳಿಂದ ಕೊಂಬೆ ತನ್ನಿ, ಸಾಧ್ಯವಾದರೆ ಬೀಜದ ಸಸಿಗಳನ್ನೂ ಬೆರೆಸಿ. ಹೊರದೇಶದ ಅತ್ತಿಯನ್ನು ಮಾತ್ರ ತಂದು ಕಾಡಂಚಿಗೆ ನೆಡಬೇಡಿ. ಫ್ಲಾರಿಡಾದಲ್ಲಿ ಆದದ್ದು ಎಲ್ಲಿ ಬೇಕಾದರೂ ಆಗಬಹುದು.

ಪ್ರಶ್ನೆ: ನಮ್ಮ ಜಾಗದ ಅಂಚಿನಲ್ಲಿ ಒಂದು ಹಳೆ ಮರ, ಅದರ ಮೇಲೆ ಇಂಥ ಅತ್ತಿ ಬಂದಿದೆ. ಮರ ಉಳಿಸಲು ಅತ್ತಿ ಕಡಿಯಲೋ, ಬಿಡಲೋ?

ಉತ್ತರ: ಮೊದಲು ಅದು ಯಾವ ಜಾತಿ ಅಂತ ತಿಳಿದುಕೊಳ್ಳಿ. ಎಲೆಯ ಎರಡೂ ಬದಿ, ಕಾಯಿ, ಕಾಯಿ ಕೊಂಬೆಗೆ ಅಂಟಿದ ಬುಡ ಇಷ್ಟೂ ಸರಿಯಾಗಿ ಕಾಣುವ ಹಾಗೆ ಫೋಟೋ ತೆಗೆದು ಸಸ್ಯಶಾಸ್ತ್ರ ಗೊತ್ತಿರುವವರಿಗೆ ತೋರಿಸಿ. ಅತ್ತಿಗಳನ್ನು ಎಲೆಯೊಂದನ್ನೇ ನೋಡಿ ಗುರುತಿಸಲು ಹೋದರೆ ತಪ್ಪುವುದೇ ಜಾಸ್ತಿ.

ಸಾಮಾನ್ಯ ಜಾತಿಯಾಗಿದ್ದು, ಆಸರೆ ಮರವೇ ಅಪರೂಪದ್ದಾಗಿದ್ದರೆ, ಅಥವಾ ಕಟ್ಟಡಕ್ಕೆ, ನಡೆದಾಡುವವರಿಗೆ ತೊಂದರೆ ಇದ್ದರೆ, ಬೇರು ಇನ್ನೂ ನೆಲ ಮುಟ್ಟದಿರುವಾಗಲೇ ತೆಗೆದುಬಿಡಿ. ಎಳೆಯದನ್ನು ಬೇರು ಸಮೇತ ಬಿಡಿಸಿ ಬೇರೆ ಕಡೆ ನೆಡಲೂ ಬಹುದು. ಬೇರು ನೆಲ ಹಿಡಿದು ಜಾಲರಿ ಕಟ್ಟಿದ ಮೇಲೆ ಕಡಿಯುವುದು ಎರಡಕ್ಕೂ ಅಪಾಯ. ಆ ಹೊತ್ತಿಗೆ ಒಳಗಿನ ಮರ ಅದರ ಮೇಲೇ ಭಾರ ಬಿಟ್ಟಿರಬಹುದು.

ಅಪರೂಪದ ಅತ್ತಿಯಾಗಿದ್ದರೆ ಬಿಟ್ಟುಬಿಡಿ. ಸುತ್ತ ಕೀಟನಾಶಕ ಹೊಡೆಯಬೇಡಿ, ಅದರಲ್ಲೂ ಕಾಯಿ ಇರುವಾಗ. ಅಕ್ಕಪಕ್ಕದ ಹಳೆ ಮರಗಳನ್ನೂ ಉಳಿಸಿಕೊಳ್ಳಿ, ಮುಂದಿನ ಸಸಿ ಹುಟ್ಟಬೇಕಾದದ್ದು ಅವುಗಳ ಕವಲಿನಲ್ಲಿ. ಯಾವ ತಿಂಗಳು ಕಾಯಿ ಬಂತು, ಹಣ್ಣಾಯಿತಾ, ಹಾಗೇ ಉದುರಿತಾ ಅಂತ ಬರೆದಿಡಿ. ಉದುರಿದ ಕೆಲವು ಕಾಯಿಗಳನ್ನು ಬಿಚ್ಚಿ ಒಳಗೆ ಕಣಜ ಇದೆಯೋ ಇಲ್ಲವೋ ಅದನ್ನೂ ಬರೆಯಿರಿ. ಇಂಥ ಮಾಹಿತಿ ಈ ಜಾತಿಗಳ ಬಗ್ಗೆ ಕೆಲಸ ಮಾಡುವವರಿಗೆ ನಿಜವಾಗಿ ಬೇಕು, ಕೊಟ್ಟರೆ ಖಂಡಿತ ತಗೊಳ್ಳುತ್ತಾರೆ. ನಮಗೂ ಒಂದು ಪ್ರತಿ ಕಳಿಸಿ.